ಮೋರಿಗೆ ಸುರಿದ ಬಿಯರ್

ಬಿಯರ್ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಪೀಪಾಯಿ ತೊಳೆದವಳು ಅವಳು. ಒಮ್ಮೆ ತಾನೇ ಒಂದು ಪೀಪಾಯಿ ಬಿಯರ್ ಹುದುಗಿಸಿದಾಗ ಮ್ಯಾನೇಜರು ಮೂಸಿಯೂ ನೋಡದೆ, "ತೊಳೆಯೋಳಿಗೆ ಯಾಕಮ್ಮ ಈ ಉಸಾಬರಿ?" ಎಂದು ಅವಳ ಕೈಯಿಂದಲೇ ಅದನ್ನು ಮೋರಿಗೆ ಸುರಿಸಿದ್ದ. ತಳದಲ್ಲಿ ಉಳಿದ ಯೀಸ್ಟಿನ ಗಸಿಯನ್ನು ಅವಳು ಸೀಸೆಯಲ್ಲಿ ಮನೆಗೆ ತಂದಳು. ಮಗಳ ಹಾಲಿನ ಪಕ್ಕ ಫ್ರಿಜ್ಜಿನಲ್ಲಿಟ್ಟು, ಆಗಾಗ ಬಾರ್ಲಿಯ ಸಿಹಿ ತಿಳಿ ಉಣಿಸಿ, ಒಡಲ ಕಿಚ್ಚಿನಷ್ಟೇ ಜೋಪಾನವಾಗಿ ಆರು ವರ್ಷ ಸಾಕಿದಳು.

ಕೊನೆಗೆ ಅವಳದೇ ಪುಟ್ಟ ಬ್ರೂವರಿಯ ಉದ್ಘಾಟನೆಯ ದಿನ ಬಂತು. ಮೊದಲ ಗ್ಲಾಸಿಗೆ ಅವಳು ಕರೆಸಿದ್ದು ಅದೇ ಮ್ಯಾನೇಜರನ್ನು. ಎಲ್ಲರೆದುರು ಆತ ಮೀಸೆಯ ನೊರೆ ಒರೆಸಿಕೊಂಡು, "ಅಬ್ಬಾ! ಯಾರಮ್ಮ ಮಾಡಿದ್ದು ಇದನ್ನ?" ಎಂದ.

"ನಾನೇ ಸಾರ್. ನೀವು ಅವತ್ತು ಮೋರಿಗೆ ಸುರಿಸಿದ್ರಲ್ಲ, ಅದರ ಗಸಿಯಿಂದಲೇ ಹುಟ್ಟಿದ್ದು."

ಆತ ಗ್ಲಾಸು ಕೆಳಗಿಡಹೋದ. ಅವಳು ಬಿಡಲಿಲ್ಲ.

"ಪೂರ್ತಿ ಕುಡೀರಿ ಸಾರ್. ಮೋರಿಗೆ ಒಂದ್ಸಲ ಕುಡಿಸಿದ್ದು ಸಾಕು."