ಅಮ್ಮನ ಪಟದ ಹಿಂದೆ ಕೆಂಪು ದೀಪ

ಕಬ್ಬಾಳಮ್ಮನನ್ನು ನಂಬಿ ನಡೆಯುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನನ್ನ ತಪ್ಪನ್ನು ಮೊದಲು ಹೇಳಿ ಆಮೇಲೆ ಅವ್ವನ ಕೃಪೆಯ ಮಾತಿಗೆ ಬರುತ್ತೇನೆ. ಕೃಪೆಯನ್ನಷ್ಟೇ ಹೇಳಿ ತಪ್ಪನ್ನು ನುಂಗಿಕೊಂಡರೆ ಇದನ್ನು ಬರೆದೂ ಪ್ರಯೋಜನವಿಲ್ಲ.

ಈ ಸಲದ ಯುಗಾದಿ ಕಳೆದು ಎರಡು ವಾರವಾಗಿತ್ತು. ನನ್ನ ಹೆಂಡತಿ ಜಯಮ್ಮ ಪಿತ್ತಕೋಶದ ಕಲ್ಲಿನ ಆಪರೇಷನ್‌ಗೆಂದು ರಾಮನಗರದ ಆಸ್ಪತ್ರೆಯೊಂದಕ್ಕೆ ಸೇರಿದ್ದಳು. ನಮ್ಮೂರು ಕೈಲಾಂಚದ ಕಡೆ, ರೇಷ್ಮೆ ಹುಳ ಸಾಕಿ ಬದುಕುವವರು ನಾವು. ಆಪರೇಷನ್‌ಗೆ ಒಳಗೆ ಕರೆದುಕೊಂಡು ಹೋಗುವಾಗ ಅವಳು ನನ್ನ ಕೈ ಹಿಡಿದು ಒಂದೇ ಮಾತು ಹೇಳಿದಳು. "ಕೆಂಚನ್ನ ನೋಡ್ಕಳಿ. ನೀವು ಮರ್ತ್ಬುಡ್ತೀರ."

ಕೆಂಚ ನಮ್ಮ ನಾಯಿ. ನಮ್ಮದು ಅನ್ನುವುದಕ್ಕಿಂತ ಅವಳದು. ಇನ್ನೂ ಕಣ್ಣು ಬಿಡದ ಮರಿಯನ್ನು ತೋಟದ ಬದುವಿನಿಂದ ಎತ್ತಿ ತಂದು, ಹತ್ತಿಯಲ್ಲಿ ಹಾಲು ಅದ್ದಿ ಕುಡಿಸಿ ಬೆಳೆಸಿದ್ದಳು. ನನಗಿಂತ ಅದರ ಮೇಲೇ ನಿನಗೆ ಪ್ರೀತಿ ಜಾಸ್ತಿ ಎಂದು ನಾನು ರೇಗಿಸುತ್ತಿದ್ದೆ. ಅವಳು ಇಲ್ಲವೆನ್ನುತ್ತಿರಲಿಲ್ಲ.

ಅವಳನ್ನು ಮನೆಗೆ ಕಳಿಸುವ ದಿನ ಮಂಗಳವಾರ. ಕೆಂಚನ ಮೈ ತುಂಬಾ ಉಣ್ಣೆ ಹತ್ತಿದ್ದವು. ಹೊಲಿಗೆ ಹಾಕಿಸಿಕೊಂಡು ಬರುವವಳ ಹತ್ತಿರ ಹೀಗೆ ಸುಳಿದಾಡಬಾರದು, ಶುಚಿ ಮಾಡಿಸಿ ಮುಂದೆ ನಿಲ್ಲಿಸಿದರೆ ಖುಷಿಪಡುತ್ತಾಳೆ ಎಂದುಕೊಂಡು ಬೆಳಿಗ್ಗೆಯೇ ಕಾರಿನಲ್ಲಿ ರಾಮನಗರದ ಪಶುವೈದ್ಯರ ಬಳಿಗೆ ಕರೆದುಕೊಂಡು ಹೋದೆ. ಅವರು ಮೈಗೆಲ್ಲ ಔಷಧಿ ಹೊಡೆದು, "ಹುಳದ ಮನೆ ಹತ್ರ ಒಂದು ವಾರ ಬಿಡಬೇಡಿ" ಅಂದರು. ಆಗಲೇ ನನಗೆ ಹೊಳೆದದ್ದು. ನಮ್ಮ ಹುಳ ಕೊನೆಯ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಕಳಚಿ, ಹಗಲಿರುಳು ಸೊಪ್ಪು ಮೇಯುತ್ತಿದ್ದವು. ಆ ಔಷಧಿಯ ಗಾಳಿ ಸೋಕಿದರೂ ಸಾಕು, ಮನೆ ತುಂಬಾ ಹುಳ ಸತ್ತು ಬೀಳುತ್ತವೆ. ಇಪ್ಪತ್ತೈದು ವರ್ಷ ಹುಳ ಸಾಕಿದವನು ಮರೆಯುವ ಮಾತಾ ಇದು?

ಹುಳ ನೋಡಿಕೊಳ್ಳಲು ಬಂದಿದ್ದ ನಾದಿನಿಗೆ ಫೋನ್ ಮಾಡಿದೆ. "ಭಾವ, ಆ ನಾಯಿನ ಮನೆಗಲ್ಲ, ನಮ್ ಬೀದಿಗೂ ತರ್ಬೇಡಿ. ಎಲ್ಲಾರ್ ಮನೇಲೂ ಹುಳ ಐತೆ" ಅಂದಳು. ಬೇರೆ ದಾರಿ ತೋಚದೆ ಕೆಂಚನನ್ನು ಕಾರಿನಲ್ಲೇ ಕೂರಿಸಿಕೊಂಡು ಜಯಮ್ಮನ ಆಸ್ಪತ್ರೆಗೆ ಬಂದೆ.

ಇನ್ನು ಕಾರಿನ ವಿಷಯ. ಅದರ ಮೀಟರಿನಲ್ಲಿ ಎಂಜಿನ್ ಬಿಸಿಯಾದಾಗ ಹತ್ತುವ ಕೆಂಪು ದೀಪ ಹದಿನೈದು ದಿನದಿಂದ ಹತ್ತುತ್ತಲೇ ಇತ್ತು. "ನೀರು ಸೋರ್ತಾ ಐತೆ, ಗಾಡಿ ಬುಟ್ಟೋಗಣ್ಣ" ಎಂದು ಮೆಕ್ಯಾನಿಕ್ ಹೇಳಿದ್ದ. ರೇಷ್ಮೆ ಗೂಡು ಬಿಡಿಸಿ ಮಾರಿದ ಮೇಲೆ ನೋಡೋಣ ಎಂದೆ. ಓಡಿಸುವಾಗೆಲ್ಲ ಆ ದೀಪ ಕಣ್ಣಿಗೆ ಚುಚ್ಚುತ್ತಿತ್ತು, ಜಯಮ್ಮ ಕಂಡರೆ ಬೈಯುತ್ತಾಳೆಂಬ ಭಯ ಬೇರೆ. ಕಬ್ಬಾಳಿನಿಂದ ತಂದಿದ್ದ ಅಮ್ಮನವರ ಸಣ್ಣ ಸ್ಟಿಕ್ಕರ್ ಇತ್ತು. ಕೈ ಮುಗಿದು ಸರಿಯಾಗಿ ಆ ದೀಪದ ಮೇಲೇ ಅಂಟಿಸಿ, ನೀನೇ ನೋಡ್ಕೊ ತಾಯಿ ಎಂದೆ. ಅದನ್ನು ಭಕ್ತಿ ಅಂತಲೇ ತಿಳಿದಿದ್ದೆನಲ್ಲ, ನನ್ನ ಬುದ್ಧಿಗಿಷ್ಟು.

ಆಸ್ಪತ್ರೆಯ ಮುಂದೆ ಒಸಿ ನೆರಳು ಕಂಡ ಕಡೆ ಕಾರು ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ಏಸಿ ಹಾಕಿ, ಗಾಜು ಏರಿಸಿ, ಇನ್ನೊಂದು ಕೀಯಿಂದ ಬಾಗಿಲು ಹಾಕಿದೆ. ಐದು ನಿಮಿಷ ಅಂದುಕೊಂಡಿದ್ದೆ. ಒಳಗೆ ಡಾಕ್ಟರು ಇನ್ನೂ ಬಂದಿರಲಿಲ್ಲ. ನರ್ಸಮ್ಮ ಸ್ಕ್ಯಾನಿಂಗ್ ರಿಪೋರ್ಟಿಗೆ ಒಂದು ಕಡೆ, ಮಾತ್ರೆಗೆ ಒಂದು ಕಡೆ ಅಟ್ಟಿದರು. ಅಷ್ಟರಲ್ಲಿ ಜಯಮ್ಮನಿಗೆ ತಲೆ ಸುತ್ತು ಬಂತು, ಹಿಡಿದುಕೊಂಡು ಕೂತೆ. ಅವಳನ್ನು ಮಲಗಿಸಿ ಹೊರಗೆ ಬಂದಾಗ ಒಂದು ಗಂಟೆಯ ಮೇಲಾಗಿತ್ತು.

ನೆರಳು ಸರಿದು ಬಿಸಿಲು ಕಾರಿನ ಮೇಲೆ ಸುರಿಯುತ್ತಿತ್ತು. ಬಾನೆಟ್ಟಿನಿಂದ ಆವಿ ಏಳುತ್ತಿತ್ತು, ಎಂಜಿನ್ ನಿಂತಿತ್ತು. ಬಾಗಿಲು ತೆಗೆದರೆ ಒಲೆಯ ಬಾಯಿ ತೆಗೆದಂತಾಯಿತು. ಕೆಂಚ ಹಿಂದಿನ ಸೀಟಿನ ಕೆಳಗೆ ಬಿದ್ದಿದ್ದ. ನಾಲಿಗೆ ನೇರಳೆ ಬಣ್ಣಕ್ಕೆ ತಿರುಗಿತ್ತು, ಬಾಯಲ್ಲಿ ನೊರೆ. ಸೀಟಿನ ಬಟ್ಟೆಯನ್ನೆಲ್ಲ ಉಗುರಿನಿಂದ ಕಿತ್ತು ಹಾಕಿದ್ದ. ಎಷ್ಟು ಹೊತ್ತು ನನ್ನನ್ನು ಕೂಗಿದ್ದನೋ!

ಎಳೆದು ಹೊರಗೆ ಮಲಗಿಸಿದೆ. ಉಸಿರು ಇನ್ನೂ ಸಣ್ಣಗೆ ಆಡುತ್ತಿತ್ತು. ಕಾರು ಸ್ಟಾರ್ಟ್ ಆಗಲಿಲ್ಲ. ಪಶುವೈದ್ಯರು ಊರಿನ ಆ ತುದಿಯಲ್ಲಿ. ಒಂದು ಆಟೊದವನು, "ಸತ್ತಿರೋ ನಾಯಿನೆಲ್ಲ ಹತ್ತುಸ್ಕಳಕಾಯ್ತದಾ ಅಣ್ಣ?" ಎಂದು ಹೋದ. ಇನ್ನೊಬ್ಬ ನಿಲ್ಲಿಸಲೇ ಇಲ್ಲ. ಫೋನ್ ಹೊಡೆದುಕೊಳ್ಳುತ್ತಿತ್ತು, ಜಯಮ್ಮ. ಎತ್ತಲಿಲ್ಲ. ಎತ್ತಿ ಏನೆಂದು ಹೇಳಲಿ? ಕೆಂಚನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆಯ ಬದಿಯಲ್ಲಿ ಗಂಡಸು ಅನ್ನುವುದನ್ನೂ ಮರೆತು ಅತ್ತೆ. ಅವ್ವನನ್ನು ಕರೆಯೋಣವೆಂದುಕೊಂಡೆ. ಎಚ್ಚರಿಕೆ ಕೊಟ್ಟ ದೀಪಕ್ಕೆ ಅವಳದೇ ಪಟ ಮುಚ್ಚಿದವನು ಯಾವ ಮುಖ ಇಟ್ಟುಕೊಂಡು ಕರೆಯಲಿ? ಕೊನೆಗೆ, ಅವ್ವಾ, ನನ್ನ ಮೊಕ ನೋಡಬೇಡ, ಒಳಗೆ ಮಲಗಿರುವವಳ ಮೊಕ ನೋಡು ಎಂದಷ್ಟೇ ಬೇಡಿದೆ.

ಆಗ ಒಂದು ಲಗೇಜ್ ಆಟೊ ಬಂದು ನಿಂತಿತು. ಓಡಿಸುತ್ತಿದ್ದವನಿಗೆ ಮೂವತ್ತೈದು ಇರಬಹುದು, ಪಕ್ಕದಲ್ಲಿ ವಯಸ್ಸಾದ ಅವನ ತಾಯಿ. "ಏನಾಯ್ತಣ್ಣ? ಎತ್ಕಳಿ, ಹಿಂದ್ಕೆ ಹಾಕಿ, ಹೋಗವ" ಅಂದ. ಹಿಂದೆ ನೋಡಿದೆ. ಒದ್ದೆ ಗೋಣಿತಾಟು ಹೊದಿಸಿದ ಹಿಪ್ಪುನೇರಳೆ ಸೊಪ್ಪು, ಗಾಡಿ ತುಂಬಾ.

ಬಂಧುಗಳೇ, ಆ ಕ್ಷಣ ನಾನು ಸತ್ತೇ ಹೋದೆ. ಔಷಧಿ ಹೊಡೆದ ನಾಯಿಯನ್ನು ಆ ಸೊಪ್ಪಿನ ಮೇಲೆ ಮಲಗಿಸಿದರೆ ಅವನ ಹುಳ ಒಂದೂ ಉಳಿಯುವುದಿಲ್ಲ. ಹೇಳಿದರೆ ಅವನು ಹೊರಟುಹೋಗುತ್ತಾನೆ, ಕೆಂಚ ನನ್ನ ಕೈಯಲ್ಲೇ ಸಾಯುತ್ತಾನೆ. ಬಾಯಿ ಮುಚ್ಚಿಕೊಂಡರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗೆ ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಎತ್ತಿದ ನಾಯಿಯನ್ನು ಮತ್ತೆ ಕೆಳಗಿಳಿಸಿ, "ಬೇಡಪ್ಪ, ಬೆಳಿಗ್ಗೆ ಉಣ್ಣೆಗೆ ಔಷಧಿ ಹೊಡ್ಸಿವ್ನಿ" ಅಂದೆ.

ಅವನ ಮುಖ ಬಿಳಿಚಿಕೊಂಡಿತು. "ಅಯ್ಯೋ, ನಮ್ಮೂ ಕಡೇ ಜ್ವರ ಎದ್ದವೆ ಕಣಣ್ಣ" ಎಂದು ಗಾಡಿ ಮುಂದೆ ಬಿಟ್ಟ. ಹೋಗಲಿ, ಅವನದೇನು ತಪ್ಪು ಎಂದುಕೊಂಡು ನಾನು ಕಣ್ಣು ಮುಚ್ಚಿಕೊಂಡೆ.

ಗಾಡಿ ಸ್ವಲ್ಪ ಮುಂದೆ ಹೊಂಗೆಮರದ ಕೆಳಗೆ ನಿಂತ ಸದ್ದು ಕೇಳಿತು. ಆ ತಾಯಿಯ ಗಂಟಲು: "ಇಳುಸ್ಲಾ ಸೊಪ್ಪ. ನಾನು ಕಾಯ್ಕಂಡು ಕುಂತಿರ್ತೀನಿ."

"ಬಾಡೋಯ್ತದೆ ಕಣವ್ವ!"

"ಬಾಡುದ್ರೆ ಬಾಡ್ಲಿ. ಜೀವ ಹೋದ್ರೆ ತಿರ್ಗಾ ಬತ್ತದಾ?"

ಅವನು ಹೊರೆಗಳನ್ನೆಲ್ಲ ಇಳಿಸಿ ಗಾಡಿಯನ್ನು ಹಿಂದಕ್ಕೆ ತಂದ. ಆ ತಾಯಿ ಒಂದು ಒದ್ದೆ ಗೋಣಿತಾಟನ್ನು ನನ್ನ ಕಡೆ ಎಸೆದು ದೂರದಿಂದಲೇ ಹೇಳಿದಳು. "ಇದ್ನ ಹೊಟ್ಟೆ ಕೆಳಕ್ಕೆ ಹಾಕ್ ಮಗ, ಮೇಲೆ ಹೊದುಸ್ಬೇಡ. ಕಾಲ್ಗೆ ನೀರು ಹಾಕ್ತಾ ಇರು, ಬಾಯ್ಗೆ ಬುಡ್ಬೇಡ. ನಮ್ ಕುರಿ ಬಿಸ್ಲಿಗೆ ಬಿದ್ರೆ ಇಂಗೇ ಮಾಡದು."

ಪಶುವೈದ್ಯರ ಬಳಿ ತಲುಪಿದ ಕೂಡಲೇ ಅವರು ಕೆಂಚನಿಗೆ ಡ್ರಿಪ್ ಹಾಕಿದರು. "ನಾನು ಮಾತು ಕೊಡಲ್ಲ" ಅಂದರು. ಆಟೊದವನು ಅಲ್ಲೇ ಗಾಡಿಯನ್ನು ಸೋಪು ಹಾಕಿ ಎರಡು ಸಲ ತೊಳೆದ. ಆದರೂ ಮನಸ್ಸು ಒಪ್ಪದೆ, ಸೊಪ್ಪಿಗೆ ಬೇರೆ ಗಾಡಿ ಕರೆಸಿಕೊಂಡು ತಾಯಿಯನ್ನು ಊರಿಗೆ ಕಳಿಸಿದನಂತೆ. ನಾನು ಕೆಂಚನ ಪಕ್ಕ ನೆಲದ ಮೇಲೆ ಕೂತೇ ಇದ್ದೆ. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಕೆಂಚ ಕಣ್ಣು ತೆರೆದು, ತಲೆ ಎತ್ತಲಾಗದೆ ನನ್ನ ಕೈಯನ್ನೇ ನೆಕ್ಕಿದ. ಸಾಯಿಸಲು ಹೊರಟಿದ್ದ ಕೈ ಅದು.

ಆಮೇಲೆ ಅವನನ್ನು ಕನಕಪುರದಲ್ಲಿರುವ, ಹುಳ ಸಾಕದ ನನ್ನ ತಂಗಿಯ ಮನೆಯಲ್ಲಿ ಬಿಟ್ಟೆ. ಮೊದಲೇ ಅಲ್ಲಿ ಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬುದ್ಧಿ ಇದ್ದಿದ್ದರೆ ಬಿಡುತ್ತಿದ್ದೆ. ಗಾಡಿಯಲ್ಲಿ ಕೆಂಪು ದೀಪ ಹತ್ತಿದರೆ ಅವತ್ತೇ ತೋರಿಸಿ. ಏಸಿ ಹಾಕಿದ್ದೇನೆಂಬ ಧೈರ್ಯದಲ್ಲಿ ಯಾವ ಜೀವವನ್ನೂ ಒಳಗೆ ಬಿಟ್ಟು ಹೋಗಬೇಡಿ. ಅವ್ವ ಕಾಯುತ್ತಾಳೆ, ನಿಜ. ಆದರೆ ನಮಗೂ ಕಣ್ಣು ಕೊಟ್ಟಿದ್ದಾಳೆ.

ಮಾರನೆಯ ದಿನ ಜಯಮ್ಮನನ್ನು ಮನೆಗೆ ಕರೆತಂದು ಎಲ್ಲ ಹೇಳಿದೆ. ಎರಡು ದಿನ ನನ್ನನ್ನು ಹತ್ತಿರಕ್ಕೂ ಸೇರಿಸಲಿಲ್ಲ. ಮೂರನೆಯ ದಿನ, ಆ ತಾಯಿಯ ರೂಪದಲ್ಲಿ ಕಬ್ಬಾಳಮ್ಮನೇ ಬಂದಳು ಕಣೆ ಎಂದೆ. ಅವಳು ಒಲೆಯ ಮುಂದಿನಿಂದ ತಿರುಗಿ ನೋಡಿ ಕೇಳಿದಳು. "ಬಂದ್ಲು, ಸರಿ. ನಿಮ್ ಗಾಡಿಗೆ ಅಂಗೆ ಯಾರಾದ್ರೂ ಅಡ್ಡ ಬಂದಿದ್ರೆ ನೀವು ಸೊಪ್ಪು ಇಳುಸ್ತಿದ್ರಾ?"

ಇಳಿಸುತ್ತಿರಲಿಲ್ಲ. ಅವಳಿಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಈಗ ಪ್ರತಿ ಮಂಗಳವಾರ ಕಬ್ಬಾಳಿಗೆ ಹೋಗಿ ಅವ್ವನ ಮುಂದೆ ನಿಂತಾಗ ಬೆಳೆ ಕೇಳುವುದಿಲ್ಲ, ಆರೋಗ್ಯ ಕೇಳುವುದಿಲ್ಲ. ಅಂಥ ಹೊತ್ತು ಬಂದಾಗ ಸೊಪ್ಪು ಇಳಿಸುವ ಮನಸ್ಸು ಕೊಡು ತಾಯಿ ಎನ್ನುತ್ತೇನೆ.