ಅಮ್ಮನ ಫೋಟೊ ಒತ್ತಿದರೆ

ಪಂಪ್‌ಸೆಟ್ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಪಂಪಕ್ಕ ಎಂದೇ ಕರೆಯುತ್ತಿದ್ದರು. ಹಾಗೆಂದು ಅವಳು ಮೋಟರು ಮುಟ್ಟಿದವಳಲ್ಲ. ಗಿರಾಕಿಗಳಿಗೆ ಇಮೇಲ್ ಕಳಿಸುವುದು ಅವಳ ಕೆಲಸ. ತೆರೆದರೆ ಒಂದು ಮೋಟರಿನ ಚಿತ್ರ, ಅದರ ಮೇಲೆ ಒತ್ತಿದರೆ ದರಪಟ್ಟಿಯ ಪುಟ. ಚಿತ್ರದ ಹಿಂದೆ ಲಿಂಕ್ ಕೂರಿಸುವ ಈ ವಿದ್ಯೆಯನ್ನು ಯಾರೂ ಹೇಳಿಕೊಟ್ಟದ್ದಲ್ಲ, ತಾನೇ ತಡಕಾಡಿ ಕಲಿತದ್ದು. ಸಾಹುಕಾರರು ಭೇಷ್ ಎಂದರು. ಅವಳ ಸಂಬಳವನ್ನು ಮೇಲೆತ್ತುವ ಮೋಟರು ಮಾತ್ರ ಆ ಅಂಗಡಿಯಲ್ಲಿರಲಿಲ್ಲ.

ಮನೆಯಲ್ಲಿ ಅವಳು ನಡುವಿನವಳು. ಮೇಲೊಬ್ಬ ಅಣ್ಣ, ಕೆಳಗೊಬ್ಬಳು ತಂಗಿ. ಇಬ್ಬರೂ ಬೇರೆ ಬೇರೆ ಊರುಗಳಲ್ಲಿ ಸಂಸಾರ ಹೂಡಿದ್ದರು. ಅಮ್ಮ ಇವಳ ಪಾಲಿಗೆ ಬಂದಿದ್ದಳು. ಪಾಲು ಎಂದರೆ ಯಾರೂ ಕೂತು ಹಂಚಿದ್ದಲ್ಲ, ಉಳಿದಿಬ್ಬರೂ ಮೆಲ್ಲಗೆ ಕೈ ತೊಳೆದುಕೊಂಡ ಮೇಲೆ ಉಳಿದದ್ದು. ಅಮ್ಮ ಹೊರೆ ಎಂದು ಅವಳಿಗೆ ಯಾವತ್ತೂ ಅನ್ನಿಸಲಿಲ್ಲ. ಹೊಟ್ಟೆ ಉರಿಯುತ್ತಿದ್ದುದು ಬೇರೆಯದಕ್ಕೆ: ಅಮ್ಮನ ಬಾಯಲ್ಲಿ ಹೊತ್ತು ಹೊತ್ತಿಗೂ ಆ ಇಬ್ಬರದೇ ಜಪ.

ಅಮ್ಮನ ಗಂಟಲಲ್ಲಿ ಗಡ್ಡೆ ಬೆಳೆಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಈ ದನಿ ಇರುವುದಿಲ್ಲ, ಮುಂದಿನ ವಾರವೇ ಆಪರೇಷನ್ ಎಂದರು ಡಾಕ್ಟರು. ಅಮ್ಮ ಅಳಲಿಲ್ಲ. "ಅಷ್ಟರೊಳಗೆ ಅವರಿಬ್ರೂ ಬಂದ್ರೆ ಬಾಯ್ತುಂಬ ಮಾತಾಡ್ಬಿಡ್ತೀನಿ" ಎಂದಳಷ್ಟೆ.

ಅಣ್ಣನಿಗೆ ಫೋನ್ ಮಾಡಿ ವಿಷಯ ತಿಳಿಸಿದರೆ ಅವನು ಅಯ್ಯೋ ಎಂದ. "ಈಗ ಮೀಟಿಂಗಲ್ಲಿದೀನಿ. ಏನಿದ್ರೂ ಮೇಲ್ ಹಾಕು, ನಿಧಾನವಾಗಿ ನೋಡ್ತೀನಿ" ಎಂದೂ ಸೇರಿಸಿದ. ತಂಗಿಯದೂ ಅದೇ ರಾಗ. ಇಮೇಲ್ ತಾನೆ, ಅದರಲ್ಲಿ ತನ್ನನ್ನು ಮೀರಿಸುವವರು ಯಾರು ಎಂದುಕೊಂಡಳು ಪಂಪಕ್ಕ.

ಅಮ್ಮನನ್ನು ಕಿಟಕಿಯ ಪಕ್ಕ ಕೂರಿಸಿ ಮಾತು ರೆಕಾರ್ಡ್ ಮಾಡಿದಳು. ಒಡಕು ದನಿಯಲ್ಲಿ ಅಮ್ಮ ಮಗನನ್ನು "ಗುಂಡಾ" ಎಂದಳು, ಕಿರಿಮಗಳನ್ನು "ಚಿನ್ನೀ" ಎಂದಳು. "ಗಂಟಲು ಹೋಗೋದ್ರೊಳಗೆ ಒಂದ್ಸಲ ಬಂದು ಹೋಗ್ರೋ" ಎಂದು ಗೋಗರೆದಳು. ಅದನ್ನು ನೆಟ್‌ನಲ್ಲಿಟ್ಟು, ಅಂಗಡಿಯ ಹಳೆಯ ಇಮೇಲ್ ಒಂದನ್ನು ನಕಲು ಮಾಡಿಕೊಂಡು, ಮೋಟರಿನ ಜಾಗದಲ್ಲಿ ಅಮ್ಮ ನಗುತ್ತಿರುವ ಫೋಟೊ ಕೂರಿಸಿದಳು. ಕೆಳಗೆ, "ಫೋಟೊ ಮೇಲೆ ಒತ್ತಿ, ಅಮ್ಮ ಮಾತಾಡುತ್ತಾಳೆ" ಎಂದು ಬರೆದಳು.

ಸಂಜೆಯೊಳಗೆ ಉತ್ತರ ಬಂತು. "ಅಮ್ಮನ ದನಿ ಕೇಳಿ ಆಫೀಸಿನಲ್ಲೇ ಕಣ್ಣೀರು ಬಂತು. ಎಷ್ಟು ಚೆನ್ನಾಗಿ ಮಾಡಿದ್ದೀಯ!" ಎಂದು ಅಣ್ಣ ಬರೆದಿದ್ದ. ತಂಗಿಯಂತೂ ತಾನು ಎರಡು ಸಲ ಕೇಳಿ ಮಕ್ಕಳಿಗೂ ಕೇಳಿಸಿದ್ದಳಂತೆ. ಬರುವ ಮಾತನ್ನು ಇಬ್ಬರೂ ಎತ್ತಿರಲಿಲ್ಲ. ಆದರೂ ಅಮ್ಮ ಆ ಉತ್ತರಗಳನ್ನು ಮತ್ತೆ ಮತ್ತೆ ಓದಿಸಿಕೊಂಡಳು.

"ಅತ್ನಂತಾ? ಹಾಗಾದ್ರೆ ಬಂದೇ ಬರ್ತಾನೆ ಬಿಡು. ಎಲ್ಲಿ, ನಾನೇನ್ ಮಾತಾಡಿದ್ದೆ, ನಂಗೂ ಒಂದ್ಸಲ ಕೇಳ್ಸು."

ಕಳಿಸಿದ ಇಮೇಲ್ ತೆರೆದು ಪಂಪಕ್ಕ ಅಮ್ಮನ ಫೋಟೊ ಒತ್ತಿದಳು. ಬಂದದ್ದು ಕೊಳವೆಬಾವಿ ಮೋಟರುಗಳ ದರಪಟ್ಟಿ. ಅವಳು ಚಿತ್ರ ಬದಲಿಸಿದ್ದಳು, ಹಿಂದಿದ್ದ ಲಿಂಕ್ ಬದಲಿಸಲು ಮರೆತಿದ್ದಳು. ಮೊದಲು ತನ್ನ ದಡ್ಡತನಕ್ಕೆ ನಾಲಿಗೆ ಕಚ್ಚಿಕೊಂಡಳು. ಮರುಕ್ಷಣ ಮೈಯೆಲ್ಲ ಉರಿದುಹೋಯಿತು. ಹಾಗಾದರೆ ಅಣ್ಣ ಅತ್ತದ್ದು ಯಾತಕ್ಕೆ, ಒಂದೂವರೆ ಎಚ್‌ಪಿ ಮೋಟರಿಗೆ? ತಂಗಿ ಮಕ್ಕಳಿಗೆ ಕೇಳಿಸಿದ್ದು ಏನನ್ನು? ಇಬ್ಬರೂ ಆ ಫೋಟೊ ಒತ್ತಿಯೇ ಇರಲಿಲ್ಲ.

"ನೆಟ್ ಬರ್ತಿಲ್ಲಮ್ಮ" ಎಂದು ಅಡುಗೆಮನೆಗೆ ಹೋಗಿ ಅಣ್ಣನಿಗೆ ಫೋನ್ ಮಾಡಿದಳು.

"ಅದ್ರಲ್ಲಿ ಅಮ್ಮ ಏನಂದ್ಳು, ಹೇಳು?"

"ಅದೇ... ನಾನು ಚೆನ್ನಾಗಿದೀನಿ, ಯೋಚನೆ ಮಾಡ್ಬೇಡಿ ಅಂತ. ಯಾಕೆ?"

"ಬಾ ಅಂದಿದ್ಳು ಕಣೋ ಅಣ್ಣ! ನೀನು ಕೇಳೇ ಇಲ್ಲ. ಆ ಫೋಟೊ ಒತ್ತಿದ್ರೆ ನಮ್ಮಂಗಡಿ ಮೋಟರಿನ ರೇಟ್ ಬರತ್ತೆ!"

ಅಣ್ಣನೇ ಸಿಡುಕಿದ: "ಏನೇ, ನನ್ನನ್ನೇ ಪರೀಕ್ಷೆ ಮಾಡ್ತೀಯಾ?"

ಬಾಯಿಗೆ ಬಂದದ್ದೆಲ್ಲ ಅಂದುಬಿಡಬೇಕೆಂದು ಅವಳು ಉಸಿರೆಳೆದುಕೊಂಡಳು. ಅಷ್ಟರಲ್ಲಿ ಹಿಂದಿನಿಂದ ಅಮ್ಮ ಕೆಮ್ಮಿದಳು. ಎಷ್ಟು ಹೊತ್ತಿನಿಂದ ಬಾಗಿಲಲ್ಲಿ ನಿಂತಿದ್ದಳೋ, ಎಲ್ಲ ಕೇಳಿಸಿಕೊಂಡಿದ್ದಳು. ಗೋಡೆ ಹಿಡಿದುಕೊಂಡು, ಇದ್ದಬದ್ದ ದನಿಯನ್ನೆಲ್ಲ ಒಟ್ಟುಗೂಡಿಸಿ ಅಂದಳು: "ಫೋನ್ ಇಡೇ. ದುಡಿಯೋ ಗಂಡಸು, ಸುಸ್ತಾಗಿರ್ತಾನೆ. ಅವನನ್ಯಾಕೆ ಹೀಗೆ ಗೋಳು ಹೊಯ್ಕೋತೀಯ?"

ನಾನು ದುಡಿಯಲ್ವೇನಮ್ಮ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ, ಫೋನ್ ಇಟ್ಟಳು.

ಸರಿಯಾದ ಲಿಂಕ್ ಹಾಕಿ ಇಮೇಲನ್ನು ಮತ್ತೆ ಕಳಿಸಿದಳು. ಈ ಸಲ ಯಾರಿಗೂ ಕಣ್ಣೀರು ಬರಲಿಲ್ಲ, ಉತ್ತರವೂ ಬರಲಿಲ್ಲ. ಅಣ್ಣ ಮುನಿಸಿಕೊಂಡ, ಬರಲಿಲ್ಲ. ಅವನು ಬರದಿದ್ದುದರಿಂದ ತಂಗಿಯೂ ಬರಲಿಲ್ಲ. ಇವಳು ಜಗಳ ತೆಗೆಯದಿದ್ದರೆ ಮಗ ಖಂಡಿತ ಬರುತ್ತಿದ್ದ ಎಂಬುದು ಅಮ್ಮನ ನಂಬಿಕೆ. ಆ ಸಿಟ್ಟಿಗೆ ಅವಳು ಮಗಳೊಂದಿಗೆ ಮಾತು ಬಿಟ್ಟಳು. ಗಂಜಿ ಕುಡಿಸಿದರೂ ಮಾತಿಲ್ಲ, ತಲೆ ಬಾಚಿದರೂ ಮಾತಿಲ್ಲ. ಆಪರೇಷನ್ ಕೋಣೆಯ ಬಾಗಿಲವರೆಗೂ ಪಂಪಕ್ಕ ಕೈ ಹಿಡಿದುಕೊಂಡೇ ಹೋದಳು. ಅಮ್ಮ ಬಾಯಿ ತೆರೆಯದೆ ಒಳಗೆ ಹೋದಳು. ಹೊರಗೆ ಬಂದಾಗ ದನಿ ಇರಲಿಲ್ಲ.