ನಲವತ್ತೈದರ ಮೇಲಿನ ಒಂಟಿ ಚುಕ್ಕಿ

ಏಳನೇ ತರಗತಿಗೆ ಲೆಕ್ಕ ಹೇಳಿಕೊಡುವ ಆ ಟೀಚರಿಗೆ ಹೆತ್ತವರು ಒಂದು ಚೆಂದದ ಹೆಸರಿಟ್ಟಿದ್ದರು. ಅದು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿರಲಿಲ್ಲ. ಮಕ್ಕಳಿಗೆ, ಮಕ್ಕಳ ಅಪ್ಪ ಅಮ್ಮಂದಿರಿಗೆ, ಹೆಡ್‌ಮಾಸ್ಟರಿಗೆ, ಕೊನೆಗೆ ಶಾಲೆಯೆದುರಿನ ಪೆನ್ಸಿಲ್ ಅಂಗಡಿಯವನಿಗೂ ಅವರು ಚುಕ್ಕಿ ಟೀಚರು. ವರ್ಷಕ್ಕೊಮ್ಮೆ ಚುಕ್ಕಿ ನಕ್ಷೆಯ ಪಾಠ ಬಂದಾಗ ಉಳಿದ ಟೀಚರುಗಳು ಬೋರ್ಡಿನ ಮೇಲೆ ಒಂದು ಗೆರೆ ಎಳೆದು, ನಾಲ್ಕು ಚುಕ್ಕಿ ಇಟ್ಟು, ಪುಟ ತಿರುಗಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಇವರಿಗೆ ಮಾತ್ರ ಅದು ಮದುವೆ ಮನೆಯ ಸಡಗರ.

ಹಿಂದಿನ ಗೋಡೆಗೆ ಉದ್ದನೆಯ ಕಂದು ಕಾಗದ ಏರುತ್ತಿತ್ತು. ಅದರ ಬುಡದಲ್ಲಿ ಒಂದು ಗೆರೆ, ಗೆರೆಯ ಕೆಳಗೆ ಐದು, ಹತ್ತು, ಹದಿನೈದು ಎಂದು ಅಂಕಿಗಳು. ಬಾಟಲಿ ಮುಚ್ಚಳದ ಅಳತೆಗೆ ರಟ್ಟಿನ ಬಿಲ್ಲೆಗಳನ್ನು ಟೀಚರೇ ಕೂತು ಕತ್ತರಿಸುತ್ತಿದ್ದರು. ಒಂದು ದೊಡ್ಡದು, ಒಂದು ಚಿಕ್ಕದು ಆಗಕೂಡದು. ಯಾರೂ ಹೆಚ್ಚಲ್ಲ, ಯಾರೂ ಕಡಿಮೆಯಲ್ಲ, ಒಬ್ಬರಿಗೆ ಒಂದೇ ಚುಕ್ಕಿ. ಮಕ್ಕಳಿಗೆ ಹಸಿರು, ಟೀಚರಿಗೆ ಕೆಂಪು. ತರಗತಿಯೇ ಸೇರಿ ಒಂದು ಪ್ರಶ್ನೆ ಆರಿಸಬೇಕು, ಒಬ್ಬೊಬ್ಬರೇ ಹೋಗಿ ತಮ್ಮ ಅಂಕಿಯ ಮೇಲೆ ತಮ್ಮ ಬಿಲ್ಲೆಯನ್ನು ಅಂಟಿಸಿ ಬರಬೇಕು.

"ಎತ್ತರಕ್ಕೆ ನಿಂತಿದೆ ಅಂತ ಅದು ದೊಡ್ಡ ಸಂಖ್ಯೆ ಅಂದ್ಕೋಬೇಡಿ. ಎತ್ತರ ಹೇಳೋದು ಎಷ್ಟು ಜನ ಅಂತ. ಕೆಳಗಿರೋ ಅಂಕಿ ಹೇಳೋದು ಅವರದು ಎಷ್ಟು ಅಂತ" ಎಂದು ಪ್ರತಿ ವರ್ಷವೂ ಹೇಳುವರು. ಪ್ರತಿ ವರ್ಷವೂ ಅರ್ಧ ತರಗತಿ ಅದೇ ತಪ್ಪು ಮಾಡುವುದು. ಆಮೇಲೆ ನಕ್ಷೆಯನ್ನು ಓದುವ ಕ್ರಮ. ಮೊದಲು ಎಲ್ಲಿ ಗುಂಪು ಸೇರಿದೆ ನೋಡಬೇಕು, ಆಮೇಲೆ ಯಾರು ಒಂಟಿಯಾಗಿ ನಿಂತಿದ್ದಾರೆ ನೋಡಬೇಕು. ಇಲ್ಲಿ ಬಂದಾಗ ಅವರ ದನಿ ಮೆತ್ತಗಾಗುತ್ತಿತ್ತು. "ಒಂಟಿ ಚುಕ್ಕಿ ಕಂಡ ಕೂಡ್ಲೇ ತಪ್ಪು ಅಂತ ಕಿತ್ತು ಹಾಕ್ಬೇಡಿ. ಅದು ಯಾರದು ಅಂತ ಹೋಗಿ ಕೇಳಿ. ಅವರಿಗೇನೋ ಕಾರಣ ಇರುತ್ತೆ." ಕೊನೆಯದು ಖಾಲಿ ಜಾಗ. ಅದಕ್ಕೆ ಅವರು ಹೆಚ್ಚು ಹೊತ್ತು ಕೊಡುತ್ತಿರಲಿಲ್ಲ. "ಖಾಲಿ ಇದೆ ಅಂದ್ರೆ ಅಲ್ಲಿ ಯಾರೂ ಇಲ್ಲ. ಅಷ್ಟೇ. ನಡೀರಿ ಮುಂದಕ್ಕೆ."

ಊರ ಮಕ್ಕಳಿಗೆ ಇಷ್ಟೆಲ್ಲ ಕಲಿಸಿದ ಟೀಚರ ಮನೆಯಲ್ಲಿ ಮಾತ್ರ ದೀಪದ ಬುಡದಲ್ಲಿ ಕತ್ತಲು ಎನ್ನುವ ಹಾಗಿತ್ತು.

ಅವರಿಗೆ ಇಬ್ಬರು ಹೆಣ್ಣುಮಕ್ಕಳಿದ್ದರು. ದೊಡ್ಡವಳು ಹೈಸ್ಕೂಲು ಸೇರಿದ್ದಳು, ಪುಟ್ಟಿ ಅಮ್ಮನ ಶಾಲೆಯಲ್ಲೇ ಇದ್ದಳು. ಕಳೆದ ವರ್ಷ ದೊಡ್ಡವಳಿಗೆ ಜ್ವರ ಬಂತು. ಬರೀ ಜ್ವರ ತಾನೇ, ನಾಳೆ ಇಳಿಯುತ್ತದೆ ಎಂದು ಎಲ್ಲ ಮನೆಗಳಲ್ಲಿ ಅನ್ನುವ ಹಾಗೆ ಇವರೂ ಅಂದರು. ಇಳಿಯಲಿಲ್ಲ. ಆಸ್ಪತ್ರೆಯಿಂದ ಮೂರೇ ಜನ ಮನೆಗೆ ಬಂದರು.

ಅವತ್ತಿನಿಂದ ಟೀಚರು ಬಾಯಿಗೆ ಬೀಗ ಹಾಕಿಕೊಂಡರು. ದೊಡ್ಡವಳ ಬಟ್ಟೆ, ಚೀಲ, ಬಾಚಣಿಗೆ ಎಲ್ಲ ಮಂಚದ ಕೆಳಗಿನ ಪೆಟ್ಟಿಗೆ ಸೇರಿದವು. ಅವಳ ಫೋಟೋ ಬೀರುವಿನಲ್ಲಿ ಸೀರೆಗಳ ಅಡಿಗೆ ಹೋಯಿತು. ಹೆಸರೆತ್ತಿದರೆ ಟೀಚರು ಎದ್ದು ಹೋಗಿಬಿಡುವರು. ಎರಡು ಸಲ ಹಾಗಾದ ಮೇಲೆ ಅವರ ಗಂಡನೂ ಎತ್ತಲಿಲ್ಲ, ಪುಟ್ಟಿಯೂ ಎತ್ತಲಿಲ್ಲ. ಚಿಕ್ಕವಳ ಮನಸ್ಸು ಕೆಡಬಾರದು, ಅವಳು ಮರೆಯಲಿ ಎಂಬುದು ಟೀಚರ ಲೆಕ್ಕ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಲೆಕ್ಕ ಅದು. ಅವರಿಗೇ ಉಸಿರಾಡಲು ಬೇರೆ ದಾರಿ ಇರಲಿಲ್ಲ ಎನ್ನುವುದೇ ನಿಜ.

ಗಂಡ ಅಚ್ಚಿನ ಮನೆಯಲ್ಲಿ ರಾತ್ರಿ ಪಾಳಿಯ ಮೆಷೀನ್ ನೋಡಿಕೊಳ್ಳುವವರು. ಬೆಳಿಗ್ಗೆ ಬಂದು, ಕೈಯ ಮಸಿಯನ್ನು ಸೀಮೆಎಣ್ಣೆಯಲ್ಲಿ ಒರೆಸಿಕೊಂಡು ಮಲಗುವರು. ಟೀಚರಿಗೆ ಮೊದಲ ಗಂಟೆಯ ಉಸ್ತುವಾರಿ ಇದ್ದದ್ದರಿಂದ ಅವರು ಎಲ್ಲರಿಗಿಂತ ಮುಂಚೆ ಹೊರಡುವರು. ಪುಟ್ಟಿ ತಾನೇ ಜಡೆ ಹಾಕಿಕೊಂಡು, ಬಾಗಿಲು ಎಳೆದುಕೊಂಡು, ಹಿಂದಿನಿಂದ ಬರುವಳು. ಈ ವರ್ಷ ಅವಳು ಅಮ್ಮನ ತರಗತಿಗೇ ಬಂದಿದ್ದಳು. ಮನೆಯಲ್ಲಿ ಅಮ್ಮ, ಶಾಲೆಯಲ್ಲಿ ಟೀಚರ್ ಎಂದು ಒಪ್ಪಂದವಾಗಿತ್ತು.

ಈ ಸಲ ತರಗತಿ ಆರಿಸಿದ ಪ್ರಶ್ನೆ ಬಹಳ ಸಾದಾ. ಮನೆ ಬಿಟ್ಟು ಶಾಲೆ ಮುಟ್ಟೋಕೆ ಎಷ್ಟು ನಿಮಿಷ?

ಮಕ್ಕಳು ನೂಕಾಡಿಕೊಂಡು ಬಿಲ್ಲೆ ಅಂಟಿಸಿದರು. ಐದರಿಂದ ಇಪ್ಪತ್ತರವರೆಗೆ ಜಾತ್ರೆಯೇ ಸೇರಿತು. ಬಸ್ಸಿನಲ್ಲಿ ಬರುವ ಮೂವರು ಮೂವತ್ತರ ಮೇಲೆ ಒಬ್ಬರ ಮೇಲೊಬ್ಬರು ನಿಂತರು. ಟೀಚರ ಕೆಂಪು ಬಿಲ್ಲೆ ಹತ್ತರ ಮೇಲೆ ಕೂತಿತು. ಎಲ್ಲ ಮುಗಿಯಿತು ಎನ್ನುವಾಗ ಯಾರೋ ಕಿಸಕ್ಕನೆ ನಕ್ಕರು. ನೋಡಿದರೆ ಕಾಗದದ ಬಲತುದಿಯಲ್ಲಿ, ನಲವತ್ತೈದರ ಮೇಲೆ, ಒಂದೇ ಒಂದು ಹಸಿರು ಚುಕ್ಕಿ.

"ಯಾರಪ್ಪ ಇದು, ಪಕ್ಕದ ಊರಿಂದ ನಡ್ಕೊಂಡು ಬರೋರು?" ಎಂದು ಟೀಚರೇ ತಮಾಷೆ ಮಾಡಿದರು.

ಪುಟ್ಟಿ ಎದ್ದು ನಿಂತಳು. "ನಂದು, ಟೀಚರ್."

ತರಗತಿ ಗೊಳ್ಳೆಂದಿತು. ಟೀಚರ ಮನೆ ಎರಡೇ ಬೀದಿ ಆಚೆ ಎನ್ನುವುದು ಎಲ್ಲರಿಗೂ ಗೊತ್ತು. ಟೀಚರ ಮುಖ ಕೆಂಪಾಯಿತು. ಬೇರೆಯವರ ಮಗಳಾಗಿದ್ದರೆ ಹತ್ತಿರ ಕರೆದು ಕೇಳುತ್ತಿದ್ದರು, ಖಂಡಿತ ಕೇಳುತ್ತಿದ್ದರು. ಟೀಚರ ಮಗಳೇ ಪಾಠವನ್ನು ಆಟ ಮಾಡಿಕೊಂಡಳಲ್ಲ ಎಂಬುದಷ್ಟೇ ಅವರಿಗೆ ಕಂಡಿತು.

"ನಮ್ಮನೆಯಿಂದ ಹತ್ತು ನಿಮಿಷ."

"ನಂಗೆ ನಲವತ್ತೈದೇ, ಟೀಚರ್."

"ಸುಳ್ಳು ಹೇಳಬಾರದು" ಎಂದು ಟೀಚರು ಸೀದಾ ಹೋಗಿ, ಉಗುರಿನಿಂದ ಆ ಬಿಲ್ಲೆಯನ್ನು ಎಬ್ಬಿಸಿ ತಂದು ಹತ್ತರ ಮೇಲೆ ಒತ್ತಿದರು.

ಮೊದಲ ಬೆಂಚಿನ ಕನ್ನಡಕದ ಹುಡುಗಿ ಕೈ ಎತ್ತಿದಳು. "ಟೀಚರ್, ಒಂಟಿ ಚುಕ್ಕಿ ಕಂಡ್ರೆ ಕೇಳ್ಬೇಕು ಅಂದಿದ್ರಿ..."

"ಕೂತ್ಕೋ" ಎಂದರು ಟೀಚರು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ಬೇರೆಯವರನ್ನು ಅಣಕಿಸುವವರು ಅವತ್ತು ತಾವೇ ಅದನ್ನು ಮಾಡಿದರು. ಪುಟ್ಟಿ ಕೂತಳು. ಅಳಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. ನಲವತ್ತೈದರ ಮೇಲೆ ಕಿತ್ತು ಬಂದ ಕಾಗದದ ಬಿಳಿ ಕಲೆಯನ್ನೇ ನೋಡುತ್ತಿದ್ದಳು.

ಸಂಜೆ ಮನೆಯಲ್ಲಿ ಗಂಡ ಕೆಲಸಕ್ಕೆ ಹೊರಡಲು ಚಪ್ಪಲಿ ಹುಡುಕುತ್ತಿದ್ದರು. ಟೀಚರು ಇನ್ನೂ ಸಿಟ್ಟಿನಲ್ಲೇ ಇದ್ದರು.

"ಎಲ್ಲರೆದುರಿಗೆ ಮಾನ ಕಳೆದ್ಯಲ್ಲೇ. ನಲವತ್ತೈದು ನಿಮಿಷ ಎಲ್ಲಿ ಅಲೀತೀಯ ನೀನು?"

"ಅಲಿಯಲ್ಲ" ಎಂದಳು ಪುಟ್ಟಿ. "ಅಕ್ಕನ್ನ ಬಿಟ್ಟು ಬರ್ತೀನಿ."

ಆ ಮನೆಯಲ್ಲಿ ವರ್ಷದ ಮೇಲೆ ಬಂದ ಮಾತು ಅದು. ಗಂಡ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ಹಾಗೇ ನಿಂತರು.

"ಮುಂಚೆ ದಿನಾ ನಾನೇ ಅಲ್ವಾ ಅಮ್ಮ, ಅಕ್ಕನ ಜೊತೆ ಹೈಸ್ಕೂಲ್ ಗೇಟ್‌ತನಕ ಹೋಗಿ, ಆಮೇಲೆ ನಮ್ಮ ಶಾಲೆಗೆ ಬರ್ತಿದ್ದಿದ್ದು? ಹೋಗುವಾಗ ನಿಧಾನ, ಇಪ್ಪತ್ತೈದು ನಿಮಿಷ. ಬರುವಾಗ ಗೋಡೌನ್ ಹಿಂದಿನ ಸಂದಿಯಿಂದ ಓಡ್ತೀನಿ, ಇಪ್ಪತ್ತು. ಅಪ್ಪನ ಗಡಿಯಾರದಲ್ಲಿ ನೋಡಿದೀನಿ. ಸುಳ್ಳಲ್ಲ."

ಟೀಚರಿಗೆ ಎದ್ದು ಹೋಗಬೇಕೆನಿಸಿತು, ಎದ್ದೇ ಹೋದರು. ಅಡುಗೆಮನೆಯಲ್ಲಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದರು. ಗಂಡ ಬಾಗಿಲಿಗೆ ಬಂದು ನಿಂತರು.

"ನಿನಗೆ ಗೊತ್ತಿರಲಿಲ್ವಾ?"

"ನಿಮಗೆ ಗೊತ್ತಿತ್ತಾ?"

"ಬೇಗ ಹೊರಡ್ತಾಳೆ ಅಂತ ಗೊತ್ತಿತ್ತು. ಯಾಕೆ ಅಂತ ಕೇಳೋಕೆ ಧೈರ್ಯ ಬರ್ಲಿಲ್ಲ" ಎಂದರು ಅವರು. "ಈ ಮನೇಲಿ ಏನಾದ್ರೂ ಕೇಳೋದಂದ್ರೆ ಹೆದರಿಕೆ ಕಣೆ."

ಗಂಡ ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಟೀಚರು ನಲ್ಲಿಯ ಕೆಳಗೆ ಇನ್ನೊಂದು ಪಾತ್ರೆ ಹಿಡಿದರು.

ಮರುದಿನ ಮೊದಲ ಗಂಟೆಯ ಉಸ್ತುವಾರಿಯನ್ನು ಆಟದ ಮೇಷ್ಟ್ರಿಗೆ ವಹಿಸಿ, ಟೀಚರು ಮಗಳ ಜೊತೆ ಹೊರಟರು. ಸೈಕಲ್ ರಿಪೇರಿ ಅಂಗಡಿ ಇನ್ನೂ ಬಾಗಿಲು ತೆರೆದಿರಲಿಲ್ಲ. ಇಸ್ತ್ರಿ ಅಂಗಡಿಯವನು ಕೆಂಡ ಊದುತ್ತಿದ್ದ. ರೈಲು ಗೇಟಿನ ಹತ್ತಿರ ಲಾರಿಗಳು ಸಾಲಾಗಿ ಗುರುಗುಟ್ಟುತ್ತಿದ್ದವು. ಮಗುವನ್ನು ಗೋಡೆಯ ಕಡೆ ಬಿಟ್ಟು, ಟೀಚರು ಅಭ್ಯಾಸದಂತೆ ಲಾರಿಗಳ ಕಡೆಗೆ ಬಂದರು.

ಪುಟ್ಟಿ ನಿಂತುಬಿಟ್ಟಳು. "ಅಮ್ಮ, ಈ ಕಡೆ ಬಾ."

"ಯಾಕೆ?"

"ಆ ಕಡೆ ಅಕ್ಕ."

ದೊಡ್ಡವಳು ಯಾವಾಗಲೂ ತಂಗಿಯನ್ನು ಗೋಡೆಯ ಕಡೆಗೆ ಹಾಕಿ, ತಾನು ರಸ್ತೆಯ ಕಡೆ ನಡೆಯುತ್ತಿದ್ದಳಂತೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೆತ್ತ ತಾಯಿಗೆ ಅದು ಈಗ ಗೊತ್ತಾಗುತ್ತಿದೆ. ಟೀಚರು ಗೋಡೆಯ ಕಡೆಗೆ ಬಂದರು. ತಾಯಿ, ಅವರ ಪಕ್ಕ ಮಗಳು, ಅವಳ ಪಕ್ಕ ಒಬ್ಬರು ನಡೆಯುವಷ್ಟು ಜಾಗ. ಎದುರಿಗೆ ಬಂದ ಹಾಲಿನ ಸೈಕಲ್ಲಿನವನು ಆ ಜಾಗದಲ್ಲಿ ನುಗ್ಗಿದಾಗ ಪುಟ್ಟಿ ಮುಖ ಸಿಂಡರಿಸಿದಳು.

ಹೈಸ್ಕೂಲ್ ಗೇಟಿನಲ್ಲಿ ಹುಡುಗಿಯರು ಗುಂಪು ಗುಂಪಾಗಿ ಒಳಗೆ ಹೋಗುತ್ತಿದ್ದರು. ಪುಟ್ಟಿ ಗೇಟಿನ ಎಡಗಂಬದ ಹತ್ತಿರ ನಿಂತು ಬಲಗೈಯನ್ನು ಸ್ವಲ್ಪ ಎತ್ತಿದಳು, ಇಳಿಸಿದಳು. ಅಷ್ಟೇ. ಗೇಟು ಕಾಯುವ ಮುದುಕ ಸ್ಟೂಲಿನಿಂದಲೇ ನಕ್ಕ.

"ಬಂದ್ಯಾ ತಾಯಿ? ಇವತ್ತು ಅಮ್ಮನ್ನೂ ಕರ್ಕೊಂಡ್ ಬಂದಿದೀಯ!" ಎಂದು ಟೀಚರ ಕಡೆ ತಿರುಗಿದ. "ಒಂದು ದಿನ ತಪ್ಪಿಸಲ್ಲ ನೋಡಮ್ಮ. ಮೊದಲು ಇಬ್ರು ಬರ್ತಿದ್ರು. ಹೋದ ವರ್ಷ ಮೂರು ತಿಂಗಳು ನಾನು ಊರಿಗೆ ಹೋಗಿದ್ದೆ, ಬಂದು ನೋಡಿದ್ರೆ ಇವಳೊಬ್ಳೇ. ದೊಡ್ಡೋಳು ಬೇರೆ ಊರಲ್ಲಿ ಓದ್ತಾಳಂತಲ್ಲ, ಇವಳೇ ಹೇಳಿದ್ಲು. ಹೇಗಿದ್ದಾಳಮ್ಮ? ಯಾವಾಗ ಬರ್ತಾಳೆ?"

ಪುಟ್ಟಿ ಅಮ್ಮನ ಮುಖ ನೋಡಿದಳು. ಈಗ ಅಮ್ಮ ತಿರುಗಿ ಹೊರಟುಹೋಗುತ್ತಾಳೆ ಎಂದು ಕಾಯುವ ಕಣ್ಣು ಅದು. ಹೌದು, ಚೆನ್ನಾಗಿದ್ದಾಳೆ ಎಂದು ಹೇಳಿ ನಡೆದುಬಿಡುವುದು ಟೀಚರಿಗೆ ಎಷ್ಟು ಸುಲಭವಾಗಿತ್ತು! ನಾಲಿಗೆಯ ತುದಿಗೆ ಅದೇ ಬಂದಿತ್ತು. ಹಾಗೆ ಹೇಳಿದರೆ ಇವಳು ನಾಳೆಯೂ ಒಬ್ಬಳೇ ಬರುತ್ತಾಳೆ, ನಾಡಿದ್ದೂ ಒಬ್ಬಳೇ ಬರುತ್ತಾಳೆ.

"ಇಲ್ಲ ಅಣ್ಣ" ಎಂದರು. "ಅವಳು ಹೋಗ್ಬಿಟ್ಲು. ಹೋದ ವರ್ಷ. ಜ್ವರ ಬಂದಿತ್ತು."

ಮುದುಕ ಎದ್ದು ನಿಂತ. ಟೀಚರ ಗಂಟಲಿನಿಂದ ಅವರಿಗೇ ಗುರುತು ಸಿಗದ ಒಂದು ದನಿ ಹೊರಟಿತು. ಇಷ್ಟು ದಿನ ಕಟ್ಟೆ ಕಟ್ಟಿ ನಿಲ್ಲಿಸಿದ್ದು ಆ ಗೇಟಿನೆದುರು, ಆ ಹುಡುಗಿಯರೆಲ್ಲರ ಕಣ್ಣೆದುರು ಒಡೆಯಿತು. ಪುಟ್ಟಿ ಅಮ್ಮನ ಸೊಂಟ ತಬ್ಬಿಕೊಂಡು, ಅವರ ಸೀರೆಯೊಳಗೆ ಮುಖವಿಟ್ಟು, ಆಸ್ಪತ್ರೆಯಿಂದ ಬಂದ ದಿನ ಅಳಬೇಕಾಗಿದ್ದದ್ದನ್ನು ಈಗ ಅತ್ತಳು.

ವಾಪಸ್ ಬರುವಾಗ ಟೀಚರು ಯಾವ ಕಡೆ ನಡೆಯುವುದೆಂದು ತಿಳಿಯದೆ ತಡವರಿಸಿದರು. "ಬರುವಾಗ ಯಾವ ಕಡೆಯಾದ್ರೂ ಪರವಾಗಿಲ್ಲ" ಎಂದಳು ಪುಟ್ಟಿ, ಮೂಗು ಒರೆಸಿಕೊಳ್ಳುತ್ತ. "ಬರುವಾಗ ನಾನೊಬ್ಳೇ ತಾನೇ."

ಟೀಚರು ರಸ್ತೆಯ ಕಡೆಗೆ ಬಂದು ಅವಳ ಕೈ ಹಿಡಿದುಕೊಂಡರು. ಅವತ್ತು ಓಡಲಿಲ್ಲ, ಹಾಗಾಗಿ ತಡವಾಯಿತು.

ತರಗತಿಗೆ ಹೋದವರೇ ಟೀಚರು ಹಿಂದಿನ ಗೋಡೆಯ ಹತ್ತಿರ ನಿಂತರು. ಕಣ್ಣು ಊದಿಕೊಂಡಿತ್ತು. "ನಿನ್ನೆ ನಾನು ತಪ್ಪು ಮಾಡಿದೆ. ಕೇಳದೆ ಒಂದು ಚುಕ್ಕಿ ಕಿತ್ತೆ" ಎಂದು ಹೇಳಿ, ಪುಟ್ಟಿಯ ಬಿಲ್ಲೆಯನ್ನು ಅದರ ಜಾಗಕ್ಕೆ ತಂದು ಅಂಟಿಸಿದರು. ಹತ್ತರ ಮೇಲಿದ್ದ ತಮ್ಮ ಕೆಂಪು ಬಿಲ್ಲೆಯನ್ನೂ ಎಬ್ಬಿಸಿ, ಹಸಿರಿನ ಮೇಲೆ ಇಟ್ಟು ಒತ್ತಿದರು.

"ಟೀಚರ್, ನಿಮ್ಮನೆ ಇಲ್ಲೇ ಅಲ್ವಾ?" ಎಂದಿತು ಯಾವುದೋ ಬೆಂಚು.

"ನಾವು ಕೇಳಿದ್ದು ಎಷ್ಟು ದೂರ ಅಂತ ಅಲ್ಲ. ಎಷ್ಟು ಹೊತ್ತು ಅಂತ" ಎಂದರು ಟೀಚರು. "ಇನ್ನು ಮೇಲೆ ನನಗೂ ಅಷ್ಟೇ ಹೊತ್ತು." ಆಮೇಲೆ ಕನ್ನಡಕದ ಹುಡುಗಿಯ ಕಡೆ ತಿರುಗಿದರು. "ನಿನ್ನೆ ನಿನ್ನ ಸುಮ್ಮನಿರಿಸಿದೆ. ಬಾ, ಇವತ್ತು ನೀನೇ ಓದು."

ಹುಡುಗಿ ಸ್ಕೇಲು ಹಿಡಿದು ಬಂದಳು. "ಗುಂಪು ಇರೋದು ಐದರಿಂದ ಇಪ್ಪತ್ತರವರೆಗೆ, ಟೀಚರ್. ಮೂವತ್ತರಲ್ಲಿ ಮೂವರು. ನಲವತ್ತೈದರಲ್ಲಿ ಇಬ್ರು, ಈಗ ಒಂಟಿ ಅಲ್ಲ." ಸ್ಕೇಲು ಹಿಂದಕ್ಕೆ ಸರಿದು ಒಂದು ಕಡೆ ನಿಂತಿತು. "ಖಾಲಿ ಇರೋದು ನಲವತ್ತು, ಮೂವತ್ತೈದು, ಆಮೇಲೆ ಇಲ್ಲಿ. ಇಪ್ಪತ್ತೈದರಲ್ಲಿ ಯಾರೂ ಇಲ್ಲ."

ಪುಟ್ಟಿ ಹಿಂದಿನ ಬೆಂಚಿನಿಂದ ಅಮ್ಮನನ್ನು ನೋಡಿದಳು. ಅಕ್ಕನಿಗೆ ಮನೆಯಿಂದ ಹೈಸ್ಕೂಲ್ ಗೇಟಿಗೆ ಇಪ್ಪತ್ತೈದು.

"ಹೌದು" ಎಂದರು ಟೀಚರು. "ಯಾರೂ ಇಲ್ಲ."

ಹುಡುಗಿ ಸ್ಕೇಲು ಹಿಡಿದು ಕಾದಳು. ಅಷ್ಟೇ, ನಡೀರಿ ಮುಂದಕ್ಕೆ ಎಂದು ಟೀಚರು ಹೇಳಬೇಕಿತ್ತು. ಪ್ರತಿ ವರ್ಷ ಹೇಳುತ್ತಿದ್ದರು. ಈ ವರ್ಷ ಗಂಟೆ ಹೊಡೆಯುವವರೆಗೂ ಅವರಿಗೆ ಹೇಳಲಾಗಲಿಲ್ಲ.